ಅಜ್ಜಿಗೆ ಕಜ್ಜಿ, ಗುಂಪಿಗೆಲ್ಲ ಚಿಂತೆ

ನಮ್ಮ ಹಳೇ ಆಫೀಸಿನ ಗೆಳೆಯರ ವಾಟ್ಸಾಪ್ ಗುಂಪು ಹೆಚ್ಚುಕಮ್ಮಿ ಸತ್ತೇ ಹೋಗಿತ್ತು. ಹುಟ್ಟುಹಬ್ಬಕ್ಕೊಂದು ಕೇಕಿನ ಚಿತ್ರ, ದೀಪಾವಳಿಗೊಂದು ಹಣತೆಯ ಚಿತ್ರ, ಅದೂ ಹೋದ ವರ್ಷ ಕಳಿಸಿದ್ದೇ. ಅದಕ್ಕೆ ಮತ್ತೆ ಜೀವ ಬಂದಿದ್ದು ಒಗಟಿನಿಂದ. ಯಾರು ಶುರು ಮಾಡಿದರು ಅಂತ ಈಗ ಕೇಳಿದರೆ ಒಬ್ಬರೂ ಒಪ್ಪಿಕೊಳ್ಳುವುದಿಲ್ಲ. ಆಮೇಲೆ ನಡೆದದ್ದನ್ನು ನೋಡಿದರೆ ಒಪ್ಪಿಕೊಳ್ಳದೇ ಇರುವುದೇ ಜಾಣತನ.

ಗುಂಪಿನಲ್ಲಿ ಸಾಗರದವನೊಬ್ಬ, ನೆಲ್ಲೂರಿನವನೊಬ್ಬ, ಚೆನ್ನೈನವನೊಬ್ಬ, ಪಾಲಕ್ಕಾಡಿನವಳೊಬ್ಬಳು, ಕಾನ್ಪುರದವನೊಬ್ಬ ಇದ್ದಾರೆ. ಇನ್ನು ಕೆಲವರು ಇದ್ದಾರೆ, ಆದರೆ ಅವರು ಇದ್ದಾರೆ ಅಂತ ಗೊತ್ತಾಗುವುದು ನೀಲಿ ಟಿಕ್ಕಿನಿಂದ ಮಾತ್ರ. ಎಲ್ಲರೂ ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಒಂದೇ ಮೇಜಿನ ಸುತ್ತ ಊಟದ ಡಬ್ಬಿ ಬಿಚ್ಚಿದವರು. ಕಾನ್ಪುರದವನು ಅಷ್ಟು ವರ್ಷ ಇಲ್ಲಿದ್ದು ಕಲಿತ ಕನ್ನಡ ಅಂದ್ರೆ ‘ಸ್ವಲ್ಪ ಅಡ್ಜಸ್ಟ್ ಮಾಡಿ’, ಅದರಲ್ಲೂ ನಡುವಿನದು ಇಂಗ್ಲಿಷು. ಆಟದ ನಿಯಮ ಸುಲಭ. ಅವರವರ ಭಾಷೆಯ ಒಗಟನ್ನು ಅವರವರ ಭಾಷೆಯಲ್ಲೇ ಹಾಕಬೇಕು, ಲಿಪಿ ಯಾವುದಾದರೂ ಸರಿ, ಮಿಕ್ಕವರು ಊಹಿಸಬೇಕು, ಫೋನಿನಲ್ಲಿರುವ ಅನುವಾದದ ಆಪ್ ಮುಟ್ಟಬಾರದು. ಈ ಕೊನೆಯದನ್ನು ಪಾಲಿಸಿದವರು ಯಾರೂ ಇಲ್ಲ.

ಮೊದಲ ಅನಾಹುತ ಸಾಗರದವನದು. ಒಂದು ಸಂಜೆ ಅವನು ‘ನಮ್ಮಜ್ಜಿಗೆ ಮೈಯೆಲ್ಲಾ ಕಜ್ಜಿ’ ಅಂತ ಹಾಕಿದ. ಕನ್ನಡದವರಿಗೆ ಇದು ಒಂದನೇ ಕ್ಲಾಸಿನ ಒಗಟು. ಹಲಸಿನ ಹಣ್ಣು. (ನಮ್ಮ ಮನೆಯಲ್ಲಿ ಇದಕ್ಕೆ ಹಾಗಲಕಾಯಿ ಅಂತಾರೆ, ಆ ಜಗಳ ಇಲ್ಲಿ ಬೇಡ.) ಸಾಮಾನ್ಯವಾಗಿ ಬರೀ ‘ಅಜ್ಜಿಗೆ’ ಅಂತಾರೆ, ಇವನು ‘ನಮ್ಮ’ ಅಂತ ಸೇರಿಸಿದ. ಒಗಟು ಅಂತ ಮೇಲೆ ಬರೆಯಲಿಲ್ಲ, ಪ್ರಶ್ನೆಯ ಗುರುತೂ ಹಾಕಲಿಲ್ಲ. ಹಾಕಿ ಸೀದಾ ಅಡಿಕೆ ತೋಟಕ್ಕೆ ಹೋದ. ಅವನ ತೋಟದಲ್ಲಿ ನೆಟ್‌ವರ್ಕ್ ಸಿಗಬೇಕಂದ್ರೆ ಅಡಿಕೆ ಮರ ಹತ್ತಬೇಕು.

ಕಾನ್ಪುರದವನು ಅದನ್ನು ಆಪಿಗೆ ಕೊಟ್ಟ. ಆಪು ಶ್ರದ್ಧೆಯಿಂದ, ನಮ್ಮ ಅಜ್ಜಿಗೆ ಇಡೀ ಶರೀರದಲ್ಲಿ ತುರಿಕೆ ಇದೆ ಅಂತ ಹಿಂದಿಯಲ್ಲಿ ಹೇಳಿತು. ಅವನು ಒಳ್ಳೆಯವನು. ತಕ್ಷಣ ‘ದಾದೀಜಿ ಬೇಗ ಹುಷಾರಾಗಲಿ’ ಅಂತ ಕೈಮುಗಿದ ಚಿತ್ರ ಹಾಕಿದ. ನೆಲ್ಲೂರಿನವನು ಬೇವಿನ ಸೊಪ್ಪು ಕುದಿಸಿ ಆ ನೀರಲ್ಲಿ ಸ್ನಾನ ಮಾಡಿಸು ಅಂದ. ಪಾಲಕ್ಕಾಡಿನವಳು ನಾಲ್ಪಾಮರಾದಿ ಎಣ್ಣೆ ಹಚ್ಚಿ, ಆಯುರ್ವೇದದ ಅಂಗಡಿಯಲ್ಲಿ ಸಿಗುತ್ತೆ, ಬಾಟಲಿಯ ಫೋಟೋ ಬೇಕಾ ಅಂತ ಕೇಳಿದಳು. ಚೆನ್ನೈನವನು, ಮೈತುಂಬಾ ಇದೆ ಅಂದ್ರೆ ಸುಮ್ನೆ ಬಿಡಬೇಡ, ಚರ್ಮದ ಡಾಕ್ಟರಿಗೆ ತೋರಿಸು ಅಂದ. ಇಷ್ಟು ಕೈಮುಗಿದ ಚಿತ್ರಗಳು ಸಾಲಾಗಿ ನಿಂತಿದ್ದನ್ನು ಕಂಡು, ಗುಂಪಿನಲ್ಲಿ ಎಂದೂ ಬಾಯಿ ಬಿಡದ ಒಬ್ಬ ಮಹಾಶಯ ಮೇಲಿನದೇನನ್ನೂ ಓದದೆ ‘ಓಂ ಶಾಂತಿ’ ಅಂತ ಬರೆದ.

ಅಲ್ಲಿಗೆ ಅಜ್ಜಿ ಹೋದಳು.

ನನಗೆ ಉತ್ತರ ಗೊತ್ತಿತ್ತು. ಹೇಳಲಿಲ್ಲ. ಇಂಥದ್ದು ದಿನಾ ಸಿಗುತ್ತಾ? ಸಾಂತ್ವನದ ಮಾತುಗಳು ಬರತೊಡಗಿದವು, ಎಷ್ಟು ವಯಸ್ಸಾಗಿತ್ತು ಅಂತ ಒಬ್ಬರು ಕೇಳಿದರು, ಕಾನ್ಪುರದವನಂತೂ ಈಗಷ್ಟೇ ಹುಷಾರಾಗಲಿ ಅಂದಿದ್ದೆನಲ್ಲ ಅಂತ ನಿಜವಾಗಿಯೂ ನೊಂದುಕೊಂಡ. ರಾತ್ರಿ ಎಂಟಕ್ಕೆ ಸಾಗರದವನು ಮನೆಗೆ ಬಂದು ಫೋನ್ ನೋಡಿದ. ಉತ್ತರ ಬರೆದ: ‘ಅಜ್ಜಿಗೆ ಎಂತ ಆಗಲಿಲ್ಲ ಮಾರಾಯ್ರೆ. ಮಧ್ಯಾಹ್ನವೇ ಕೊಯ್ದು ತಿಂದಾಯ್ತು. ಬೀಜ ಒಣಗಲಿಕ್ಕೆ ಹಾಕಿದ್ದೇವೆ.’ ಇದರ ಜೊತೆ ಹಲಸಿನ ಹಣ್ಣಿನ ಫೋಟೋ ಕೂಡ ಕಳಿಸಿದ್ದ. ಮಾತು ತಕ್ಷಣ ತಲುಪಿತು, ಫೋಟೋ ಮಾತ್ರ ಆ ಊರಿನ ಇಂಟರ್ನೆಟ್ಟಿನ ವೇಗದಲ್ಲಿ ಬಂತು. ಆ ನಡುವಿನ ಹೊತ್ತಿನಲ್ಲಿ ಕಾನ್ಪುರದವನು ಅಷ್ಟನ್ನೂ ಆಪಿಗೆ ಕೊಟ್ಟು ಓದಿ ಮುಗಿಸಿದ್ದ. ನನಗೆ ಬೇರೆಯಾಗಿ ಫೋನ್ ಮಾಡಿ, ‘ಇವರ ಊರು ಎಲ್ಲಿ ಬರುತ್ತೆ?’ ಅಂತ ಮೆಲ್ಲಗೆ ಕೇಳಿದ.

ಇಷ್ಟಾದರೂ ಆಟ ನಿಲ್ಲಲಿಲ್ಲ. ನೆಲ್ಲೂರಿನವನು ಒಂದು ದಿನ ‘ಅಮ್ಮ ಚೀರ ಮಡತ ಪೆಟ್ಟಲೇಮು, ನಾನ್ನ ಡಬ್ಬು ಲೆಕ್ಕ ಪೆಟ್ಟಲೇಮು’ ಅಂತ ಹಾಕಿದ, ಇದನ್ನು ಯಾರೂ ಬಿಡಿಸಲಾರರು ಅನ್ನುವ ಧೈರ್ಯದಲ್ಲಿ. ನಾನೂ ಸಾಗರದವನೂ ಒಟ್ಟಿಗೇ ‘ಆಕಾಶ, ನಕ್ಷತ್ರ’ ಅಂದೆವು. ಅಮ್ಮನ ಸೀರೆ ಮಡಚೋಕಾಗಲ್ಲ, ಅಪ್ಪನ ದುಡ್ಡು ಎಣಿಸೋಕಾಗಲ್ಲ ಅಂತ ನಮ್ಮಜ್ಜಿಯರು ಹೇಳಿಕೊಟ್ಟಿದ್ದೇ ಅಲ್ವಾ? ಅವನು ಕದ್ದಿದ್ದೀರಿ ಅಂದ, ನಾವು ನೀವೇ ಕದ್ದಿದ್ದೀರಿ ಅಂದೆವು. ನಡುವೆ ಕಾನ್ಪುರದವನು ಬಂದು, ನಮ್ಮಲ್ಲೂ ಆಕಾಶದ್ದು ಒಂದಿದೆ, ಅಮೀರ್ ಖುಸ್ರೋ ಕಾಲದ್ದು ಅಂತ ‘ಏಕ್ ಥಾಲ್ ಮೋತೀ ಸೇ ಭರಾ, ಸಬ್ ಕೇ ಸರ್ ಪರ್ ಔಂಧಾ ಧರಾ’ ಹಾಕಿದ. ಮುತ್ತು ತುಂಬಿದ ತಟ್ಟೆ ಎಲ್ಲರ ತಲೆ ಮೇಲೆ ಬೋರಲು ಬಿದ್ದಿದೆ, ಒಂದು ಮುತ್ತೂ ಕೆಳಗೆ ಬೀಳುವುದಿಲ್ಲ. ಖುಸ್ರೋ ತೀರಿಕೊಂಡಿದ್ದು 1325ರಲ್ಲಿ. ಅಂದ್ರೆ ಅವನೇ ಸೀನಿಯರ್ ಅಂತಾಯಿತು. ಆದರೂ ನನಗೆ ನಮ್ಮ ಸೀರೆಯೇ ಇಷ್ಟ. ಅವರದು ದರ್ಬಾರಿನ ಆಕಾಶ, ನಮ್ಮದರಲ್ಲಿ ಸೀರೆ ಮಡಚುವ ಕೆಲಸವೂ ಇದೆ, ದುಡ್ಡಿನ ಲೆಕ್ಕವೂ ಇದೆ.

ಒಗಟು ಹೀಗೆ ಟಿಕೆಟ್ ಇಲ್ಲದೆ ಯಾವ ಊರಿಗಾದರೂ ಹೋಗಿಬಿಡುತ್ತದೆ. ಮಾತಿನ ಚಮತ್ಕಾರ ಹಾಗಲ್ಲ. ಅದು ಚೆಕ್‌ಪೋಸ್ಟಿನಲ್ಲೇ ಸಿಕ್ಕಿಬೀಳುತ್ತದೆ. ಖುಸ್ರೋ ಹೆಸರಲ್ಲೇ ಓಡಾಡುವ ಇನ್ನೊಂದು ಬಗೆ ಇದೆ, ಎರಡು ಪ್ರಶ್ನೆಗೆ ಒಂದೇ ಉತ್ತರ. ಬ್ರಾಹ್ಮಣ ಯಾಕೆ ಬಾಯಾರಿದ್ದಾನೆ, ಕತ್ತೆ ಯಾಕೆ ಸಪ್ಪಗಿದೆ? ‘ಲೋಟಾ ನ ಥಾ.’ ಬ್ರಾಹ್ಮಣನಿಗೆ ನೀರು ಸೇದೋಕೆ ಚೊಂಬಿರಲಿಲ್ಲ, ಕತ್ತೆ ಮಣ್ಣಲ್ಲಿ ಹೊರಳಿರಲಿಲ್ಲ. ಇದನ್ನು ಅರ್ಥ ಮಾಡಿಕೊಳ್ಳೋಕೆ ನಮಗೆ ಅರ್ಧ ದಿನ ಹಿಡಿಯಿತು, ಯಾಕಂದ್ರೆ ಕತ್ತೆಗೆ ಲೋಟ ಯಾಕೆ ಬೇಕು ಅಂತ ಚೆನ್ನೈನವನು ಹಟ ಹಿಡಿದಿದ್ದ.

ಕೈಲಾಸಂ ಕನ್ನಡ ಇಂಗ್ಲಿಷ್ ಎರಡನ್ನೂ ಕಲಸಿ ನಗಿಸಿದ ಊರಿನವರು ನಾವು, ಸುಮ್ಮನಿರೋಕಾಗುತ್ತಾ? ನಾನೂ ಒಂದು ಹಾಕಿದೆ. ವಾರಕ್ಕೆ ಎಷ್ಟು ದಿನ, ಬೆಳಿಗ್ಗೆ ಅಮ್ಮ ಮಗನಿಗೆ ಏನು ಹೇಳುತ್ತಾಳೆ? ಏಳು. ಸಾಗರದವನು ನಕ್ಕ. ಕಾನ್ಪುರದವನು ಆಪನ್ನು ಕೇಳಿಕೊಂಡು ಬಂದು, ‘ನಿಮ್ಮಮ್ಮ ದಿನಾ ಬೆಳಿಗ್ಗೆ ನಿನಗೆ ಸಾತ್ ಅಂತ ಯಾಕೆ ಹೇಳ್ತಾರೆ, ಮಿಕ್ಕ ಆರು ಜನ ಯಾರು?’ ಅಂದ. ಆ ಆರು ಸಿಕ್ಕಿದ್ದೇ ಸಾಕು, ಸಾಗರದವನು ಮುಂದುವರಿಸಿದ. ಐದಾದ ಮೇಲೆ ಏನು, ಜೋರು ಗಾಳಿ ದೀಪಕ್ಕೆ ಏನು ಹೇಳುತ್ತೆ? ಆರು. ಇದು ಚೆನ್ನೈನವನಿಗೆ ಬಹಳ ಹಿಡಿಸಿತು. ತಮಿಳಿನಲ್ಲೂ ಆರು ಅಂದ್ರೆ ಆರೇ, ಜೊತೆಗೆ ನದಿಯೂ ಹೌದು. ಪಾಲಕ್ಕಾಡಿನವಳು ನಮ್ಮಲ್ಲೂ ಹಾಗೇ ಅಂದಳು. ಆ ಹುರುಪಿನಲ್ಲಿ ಚೆನ್ನೈನವನು ಹೊಸದೊಂದು ಕಟ್ಟಿದ: ‘ಐದಾದ ಮೇಲೆ ಏನು? ಕಾವೇರಿ ಏನು?’

ಗುಂಪು ಗಪ್‌ಚುಪ್. ಅವನು ಕೇಳಿದ್ದು ಭಾಷೆಯ ವಿಷಯ ಅಂತ ಎಲ್ಲರಿಗೂ ಗೊತ್ತು. ಆದರೂ ಜೂನ್ ತಿಂಗಳು, ಮಳೆ ಬೇರೆ ಬಂದಿರಲಿಲ್ಲ. ಸಾಗರದವನು ‘ಬರೆಯುತ್ತಿದ್ದಾರೆ’ ಅಂತ ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ನೆಲ್ಲೂರಿನವನು ಜಾಣ, ನಡುವೆ ಒಂದು ಆವಕಾಯಿ ಫೋಟೋ ಹಾಕಿ ಮಾತು ತಿರುಗಿಸಿದ.

ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟಿದ್ದು ಪಾಲಕ್ಕಾಡಿನವಳ ಒಗಟು. ‘ಮುಟ್ಟತ್ತೆ ಚೆಪ್ಪಿನ್ ಅಡಪ್ಪಿಲ್ಲ.’ ಆ ದಿನ ಎಲ್ಲರೂ ಪ್ರಾಮಾಣಿಕರಾಗಿ, ಆಪ್ ಮುಟ್ಟದೆ ಆಡೋಣ ಅಂತ ಪಣ ತೊಟ್ಟಿದ್ದರು, ಅದೇ ತಪ್ಪಾಯಿತು. ಮುಟ್ಟತ್ತೆ ಅಂದಾಗ ನಮಗೆ ಕೇಳಿಸಿದ್ದು ‘ಮುಟ್ಟುತ್ತೆ’. ಯಾವುದೋ ಏನನ್ನೋ ಮುಟ್ಟುತ್ತೆ, ಇಲ್ಲವೇ ಯಾರೋ ಅತ್ತೆಯನ್ನು ಮುಟ್ಟುತ್ತಾರೆ. ನೆಲ್ಲೂರಿನವನಿಗೆ ಚೆಪ್ಪು ಅಂದ್ರೆ ಚಪ್ಪಲಿ. ನಾವಿಬ್ಬರೂ ಸೇರಿ, ಅತ್ತೆಯನ್ನು ಮುಟ್ಟಿದರೆ ಚಪ್ಪಲಿ ಏಟು ಅನ್ನುವಲ್ಲಿಗೆ ಬಂದು, ಉತ್ತರ ಪೊಲೀಸ್ ಸ್ಟೇಷನ್ ಅಂತ ಹೇಳಿದೆವು. ಚೆನ್ನೈನವನು ನಮ್ಮನ್ನು ಮೂರ್ಖರು ಅಂದ. ಮುಟ್ಟಂ ಅಂದ್ರೆ ಅಂಗಳ ಕಣ್ರೋ, ನಮ್ಮ ಮುಟ್ರಂ ಇದೆಯಲ್ಲ ಅದೇ ಅಂದ. ಅಷ್ಟು ಸರಿ. ಆಮೇಲೆ ಅಡಪ್ಪನ್ನು ಅಡುಪ್ಪು ಅಂತ ಓದಿಕೊಂಡ, ತಮಿಳಿನಲ್ಲಿ ಅಡುಪ್ಪು ಅಂದ್ರೆ ಒಲೆ. ಅಂಗಳದಲ್ಲಿ ಒಲೆ ಇಲ್ಲ, ಆದ್ದರಿಂದ ಉತ್ತರ ಗ್ಯಾಸ್ ಸಿಲಿಂಡರ್ ಅಂತ ತೀರ್ಪು ಕೊಟ್ಟ. ಅವಳು ಬಹಳ ಹೊತ್ತು ಏನೂ ಬರೆಯಲಿಲ್ಲ. ಆಮೇಲೆ ಬಿಡಿಸಿ ಹೇಳಿದಳು. ಅಂಗಳದಲ್ಲಿರುವ ಡಬ್ಬಿಗೆ ಮುಚ್ಚಳವಿಲ್ಲ. ಬಾವಿ.

ಈಗ ಗುಂಪು ಒಗಟು ಬಿಟ್ಟು, ಹಿಂದೆಮುಂದೆ ಓದಿದರೂ ಒಂದೇ ಆಗಿರುವ ಮಾತುಗಳಿಗೆ ಬಂದಿದೆ. ಇದು ಇನ್ನೂ ಕೆಟ್ಟದ್ದು. ಪಾಲಕ್ಕಾಡಿನವಳು, ನಮ್ಮ ಭಾಷೆಯ ಹೆಸರೇ ಹಾಗಿದೆ, ಇಂಗ್ಲಿಷಿನಲ್ಲಿ ಬರೆದು ತಿರುಗಿಸಿ ನೋಡಿ ಅಂದಳು. ನಿನ್ನ ಲಿಪಿಯಲ್ಲೇ ಬರೆದು ತಿರುಗಿಸು, ಳಂಯಾಲಮ ಆಗುತ್ತೆ ಅಂದೆ. ನೆಲ್ಲೂರಿನವನು ‘ವಿಕಟಕವಿ’ ಅಂತ ತೆನಾಲಿ ರಾಮಕೃಷ್ಣನನ್ನು ಕರೆತಂದ, ನಮ್ಮವನು ಅಂದ. ಊರು ನಿಮ್ಮದು, ಸಂಬಳ ಹಂಪೀಲಿ ಅಂತ ಸಾಗರದವನು ಸರಿಮಾಡಿದ. ನಾನು ‘ಕುಬೇರನಿಗೇನಿರಬೇಕು’ ಹಾಕಿದೆ, ಇದರ ಮುಂದೆ ಯಾರೂ ನಿಲ್ಲಲಾರರು ಅನ್ನುವ ಜಂಬದಿಂದ. ಕಾನ್ಪುರದವನಿಗೆ ಕನ್ನಡ ಓದೋಕೆ ಬರುವುದಿಲ್ಲ. ಅವನು ಅದನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿ, ಒಂದೊಂದೇ ಅಕ್ಷರ ತಿರುಗಿಸಿ, ‘ಉಕೆಬರಿನೆಗಿನರೆಬುಕ್’ ಅಂತ ಬರುತ್ತಿದೆಯಲ್ಲ ಅಂತ ದೂರು ಕೊಟ್ಟ. ಆಗ ತಾನೇ ಫೋನ್ ತೆರೆದ ಆ ಓಂ ಶಾಂತಿ ಮಹಾಶಯ, ಇದು ಯಾವ ದೇಶದ ಭಾಷೆ, ಒಗಟು ಚೆನ್ನಾಗಿದೆ, ಸುಳಿವು ಕೊಡಿ ಅಂತ ಕೇಳಿದ್ದಾನೆ. ನಾಳೆ ಸಂಜೆಯವರೆಗೆ ಟೈಮ್ ಕೊಟ್ಟಿದ್ದೇವೆ.