ಭಾವಾ, ಹಾವು!

ಕಾಫಿ ಕುಯ್ಲಿನ ಹೊತ್ತಿನಲ್ಲಿ ಮೂಡಿಗೆರೆ ಹತ್ತಿರದ ಅಕ್ಕನ ಮನೆಗೆ ಹೋಗಿದ್ದೆ. ಕುಯ್ಲು ಎಂದರೆ ಮನೆಮಂದಿಗೆಲ್ಲ ಕೈತುಂಬ ಕೆಲಸ. ನನ್ನ ಪಾಲಿಗೆ ಬಂದದ್ದು ಊಟ, ತಿಂಡಿ. ಸಂಜೆ ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಕೋಡುಬಳೆ ಹಿಡಿದು ಕಣದ ಕಡೆ ಹೊರಟವನ ಕಾಲಬುಡದಲ್ಲಿ ಕಪ್ಪಗೆ, ದಪ್ಪಗೆ ಏನೋ ಸುರುಳಿ ಸುತ್ತಿ ಮಲಗಿತ್ತು. ನೋಡಿ ಹಾರಿದೆನೋ, ಹಾರಿದ ಮೇಲೆ ನೋಡಿದೆನೋ ಹೇಳಲಾರೆ. "ಭಾವಾ, ಹಾವು!" ಎಂಬ ಕೂಗು ನನ್ನದೇ ಎಂದು ತಿಳಿದದ್ದು, ಒಣಹಾಕಿದ್ದ ಕಾಫಿ ಹಣ್ಣಿನ ಮೇಲೆ ಅಂಗಾತ ಬಿದ್ದ ನಂತರ.

ಭಾವ ಟಾರ್ಚ್ ಬಿಟ್ಟು ನೋಡಿದರು. ಹೂಗಿಡಗಳಿಗೆ ನೀರು ಬಿಡುವ ಪೈಪು.

"ಹೆದರಬೇಡ ಮಾರಾಯ, ಕಚ್ಚುವುದಿಲ್ಲ. ನಲ್ಲಿಗೆ ಕಟ್ಟಿಹಾಕಿದ್ದೇವೆ" ಎಂದರು. ಕಣದಲ್ಲಿದ್ದ ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಅಕ್ಕ ಓಡಿ ಬಂದವಳು ಮೊದಲು ಲೋಟ ಎತ್ತಿ, ಎಲ್ಲಾದರೂ ನೆಗ್ಗಿದೆಯೇ ಎಂದು ತಿರುಗಿಸಿ ನೋಡಿದಳು.

ಶೃಂಗೇರಿ ಇರುವ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಹಗ್ಗ-ಹಾವಿನ ದೃಷ್ಟಾಂತವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಾಣುತ್ತದೆ. ದೀಪ ತಂದರೆ ಹಾವೂ ಇಲ್ಲ, ಭಯವೂ ಇಲ್ಲ. ದೀಪವನ್ನು ಭಾವ ತಂದಾಗಿತ್ತು. ಆದರೂ ಮರುದಿನ ಬೆಳಿಗ್ಗೆ, ಒಳ್ಳೆಯ ಬಿಸಿಲಿನಲ್ಲಿ, ಅದು ಪೈಪೆಂದು ಚೆನ್ನಾಗಿ ಬಲ್ಲ ನಾನು ಹಲ್ಲುಜ್ಜುತ್ತಾ ಅದರ ಪಕ್ಕಕ್ಕೆ ಬಂದು ಮತ್ತೆ ಹಾರಿದೆ. ಜ್ಞಾನ ತಲೆಗೆ ಬಂದಿತ್ತು, ಕಾಲಿನವರೆಗೆ ಇಳಿದಿರಲಿಲ್ಲ.

ನನ್ನ ಮಾನ ಉಳಿಸಿದವನು ಡಾರ್ವಿನ್. ಆತ ಲಂಡನ್ನಿನ ಮೃಗಾಲಯದಲ್ಲಿ ಪಫ್ ಆ್ಯಡರ್ ಎಂಬ ವಿಷದ ಹಾವಿನ ಮುಂದಿನ ದಪ್ಪ ಗಾಜಿಗೆ ಮುಖವೊಡ್ಡಿ, ಅದು ಎರಗಿದರೂ ಅಲುಗಬಾರದು ಎಂದು ಹಟ ತೊಟ್ಟು ನಿಂತಿದ್ದ. ಹಾವು ಎರಗಿದ್ದೇ ತಡ, ಒಂದೆರಡು ಗಜ ಹಿಂದಕ್ಕೆ ಹಾರಿದ. 1872ರಲ್ಲಿ ತಾನೇ ಇದನ್ನು ಬರೆದು ಒಪ್ಪಿಕೊಂಡ. ನಡುವೆ ಗಾಜಿದೆ ಎಂಬುದನ್ನು ಡಾರ್ವಿನ್ನನ ಕಾಲುಗಳೇ ನಂಬಲಿಲ್ಲವೆಂದರೆ, ಬಾಯಿ ತುಂಬ ಪೇಸ್ಟಿನ ನೊರೆ ತುಂಬಿಕೊಂಡ ನನ್ನದೇನು ಲೆಕ್ಕ?

ಅಮೆರಿಕದ ವೈದ್ಯ ರ‍್ಯಾಂಡಾಲ್ಫ್ ನೆಸ್ಸಿ ಇಂಥ ಭಯವನ್ನು ಹೊಗೆ ಕಂಡರೆ ಕೂಗುವ ಯಂತ್ರಕ್ಕೆ ಹೋಲಿಸಿದ್ದಾರೆ. ಒಗ್ಗರಣೆ ಸೀದಾಗಲೂ ಅದು ಕೂಗುತ್ತದೆ. ಕೂಗಲಿ, ಮನೆಗೆ ಬೆಂಕಿ ಬಿದ್ದ ದಿನ ಸುಮ್ಮನಿರದಿದ್ದರೆ ಸಾಕು. ಕಾಡಿನಲ್ಲಿ ಬೇರು, ಬಳ್ಳಿ, ಕಡ್ಡಿ ಕಂಡಾಗಲೆಲ್ಲ ಹಾರಿದವನಿಗೆ ನಷ್ಟವಾದದ್ದು ಒಂದಿಷ್ಟು ಮರ್ಯಾದೆ. "ಏ, ಅದು ಬಳ್ಳಿ ಬಿಡು" ಎಂದು ಒಮ್ಮೆ ತಪ್ಪಿ ಧೈರ್ಯ ಮಾಡಿದವನ ವಂಶ ಅಲ್ಲಿಗೇ ನಿಂತಿತು. ನಾವೆಲ್ಲ ಪುಕ್ಕಲರ ಮೊಮ್ಮಕ್ಕಳು. ಇದನ್ನು ಭಾವನಿಗೆ ವಿವರಿಸಿದೆ. "ಹಾಗಾದರೆ ನಿಮ್ಮ ಮನೆತನ ಬಹಳ ಹಳೆಯದು" ಎಂದರು.

ಅವರಿಗೆ ಉತ್ತರ ಕೊಡುವ ಅವಕಾಶ ಮರುದಿನ ಧರ್ಮಸ್ಥಳಕ್ಕೆ ಹೊರಟಾಗ ಸಿಗಬೇಕಿತ್ತು. ಕೊಟ್ಟಿಗೆಹಾರದಲ್ಲಿ ಜೀಪು ನಿಲ್ಲಿಸಿ ನಾನು ಎಂಟು ನೀರುದೋಸೆ ತಿಂದೆ. (ಮುಂದಿನ ಊಟ ಯಾವಾಗಲೋ ಎಂದು ಸಿಕ್ಕಾಗ ತಿಂದಿಡುವ ಆದಿಮಾನವನ ಬುದ್ಧಿ ಇದು, ನನ್ನದೇನೂ ತಪ್ಪಿಲ್ಲ.) ಅಲ್ಲಿಂದ ಮುಂದೆ ಚಾರ್ಮಾಡಿ ಘಾಟಿ. ಹತ್ತು ಅಡಿ ಆಚೆ ಕಾಣದಷ್ಟು ಮಂಜು, ಪಕ್ಕದಲ್ಲಿ ಪ್ರಪಾತ. ಭಾವ ಮೊಬೈಲನ್ನು ಕಿವಿ-ಭುಜದ ನಡುವೆ ಸಿಕ್ಕಿಸಿಕೊಂಡು ಕಾಫಿ ರೇಟು ಚೌಕಾಸಿ ಮಾಡುತ್ತಾ ಒಂದೇ ಕೈಯಲ್ಲಿ ತಿರುವು ಇಳಿಸುತ್ತಿದ್ದರು. ಇಬ್ಬರಿಗೂ ಸೀಟ್ ಬೆಲ್ಟ್ ಇಲ್ಲ. ಪೈಪಿಗೆ ಎರಡು ಸಲ ಹಾರಿದ ನಾನು ಏನು ಮಾಡಿದೆ? ನಿದ್ದೆ ಮಾಡಿದೆ.

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 1.68 ಲಕ್ಷ. ಹಾವೂ ಕಡಿಮೆಯದಲ್ಲ, ವರ್ಷಕ್ಕೆ ಸರಾಸರಿ 58 ಸಾವಿರ ಎಂಬ ಅಂದಾಜಿದೆ. ಆದರೆ ಹಾವಿನೊಂದಿಗೆ ನಮ್ಮ ಪೂರ್ವಜರ ಹಗೆ ಕೋಟ್ಯಂತರ ವರ್ಷಗಳದು. ಜರ್ಮನಿಯ ಕಾರ್ಲ್ ಬೆನ್ಜ್ ತನ್ನ ಕಾರಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ, ಮೊನ್ನೆ ಮೊನ್ನೆ. ಕಾಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಘಾಟಿ ಇಳಿದ ಮೇಲೆ ಮುಂದೆ ಪೊಲೀಸರನ್ನು ಕಂಡ ಭಾವ ಒಮ್ಮೆಗೇ ಜವಾಬ್ದಾರಿಯ ಮನುಷ್ಯರಾದರು. ಮೊಬೈಲ್ ಜೇಬಿಗೆ ಸೇರಿತು. ಬಗ್ಗಿ ನನ್ನ ಕಡೆಯ ಬೆಲ್ಟನ್ನು ಎಳೆದು ಮಡಿಲಿಗೆ ಹಾಕಿದರು. ಕಪ್ಪಗೆ, ಉದ್ದಕ್ಕೆ, ತಣ್ಣಗೆ ಏನೋ ಕೈಮೇಲೆ ಹರಿದಂತಾಗಿ ಕಣ್ಣು ಬಿಟ್ಟೆ. ನನ್ನ ತಲೆ ಜೀಪಿನ ಮಾಡಿಗೆ ಬಡಿದ ಸದ್ದು ಪೊಲೀಸರಿಗೂ ಕೇಳಿಸಿರಬೇಕು, ತಿರುಗಿ ನೋಡಿದರು.

ನಾವು ವಾಪಸು ಬರುವಷ್ಟರಲ್ಲಿ ಅಕ್ಕ ಪೇಟೆಯಿಂದ ಹೊಸ ಪೈಪು ತರಿಸಿದ್ದಳು. "ಕಪ್ಪಾದರೆ ತಾನೆ ನೀನು ಹೆದರುವುದು? ನೋಡು, ಹಸಿರು" ಎಂದಳು. ಅಂಗಳದ ಹುಲ್ಲಿನ ಮೇಲೆ ಅದು ಚೆನ್ನಾಗಿ ಹೊಂದಿಕೊಂಡಿತ್ತು. ಮಲೆನಾಡಿನಲ್ಲಿ ಹಸಿರು ಹಾವೂ ಇದೆಯಲ್ಲ ಎಂದು ನಾನು ಹೇಳಲಿಲ್ಲ. ಹಿತ್ತಲ ಬಾಗಿಲಿನಿಂದ ಮನೆಯೊಳಗೆ ಹೋದೆ.