ಹೊಳಪು ಕೊಟ್ಟರು, ಬಣ್ಣ ಕಿತ್ತರು

ನಿನ್ನೆ ಸಂಜೆ ಒಂದು ಬಿಳಿ ಬಟ್ಟೆಯನ್ನು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ನನ್ನ ಕಾರಿನ ಚಾಲಕನ ಸೀಟು ಒರೆಸಿದೆ. ಮೊದಲ ಸಲಕ್ಕೆ ಬೂದು ಬಣ್ಣದ ಅಂಟು ಬಂತು. ಬಟ್ಟೆ ಮಡಚಿ ಇನ್ನೊಮ್ಮೆ ಒರೆಸಿದರೆ ಜೀನ್ಸಿನ ನೀಲಿ. ಮೂರನೆಯ ಸಲ ಬಾಗಿಲ ಕಡೆಯ ಉಬ್ಬಿದ ಅಂಚಿನ ಮೇಲೆ ಕೈಯಾಡಿಸಿದಾಗ ಬಟ್ಟೆಗೆ ಹತ್ತಿದ್ದು ತಿಳಿ ಕಂದು. ಎಲ್ಲಿಯ ಕೊಳೆ ಎಂದು ಬೆಳಕಿಗೆ ಹಿಡಿದು ನೋಡಿದೆ. ಸೀಟಿನದೇ ಬಣ್ಣ ಅದು. ಕಾರು ಮನೆಗೆ ಬಂದು ಇನ್ನೂ ಏಳು ತಿಂಗಳು!

ಈ ಕಾರಿನಲ್ಲಿ ಯಾರೂ ಏನೂ ಚೆಲ್ಲಿಲ್ಲ. ನಾಯಿ ಬೆಕ್ಕು ಹತ್ತಿಲ್ಲ. ದಿನಗಟ್ಟಲೆ ಬಿಸಿಲಲ್ಲಿ ನಿಂತದ್ದೂ ಇಲ್ಲ. ಸೀಟಿಗೆ ರಕ್ಷಣೆ ಕೊಡುತ್ತೇವೆ ಎಂದು ನನ್ನಿಂದ ಹಣ ಎಣಿಸಿಕೊಂಡವರೇ ಅದನ್ನು ಹಾಳು ಮಾಡಿದ್ದಾರೆ. ಅದಕ್ಕೇ ಹೊಟ್ಟೆ ಉರಿಯುತ್ತಿದೆ.

ಕಾರು ಕೈಗೆ ಕೊಡುವ ದಿನ ಶೋರೂಮಿನವರು ಒಂದು ಕಾಗದ ಮುಂದಿಟ್ಟರು. 'ಲೆದರ್ ರಕ್ಷಣೆ' ಎಂದು ದಪ್ಪ ಅಕ್ಷರಗಳಲ್ಲಿ ಬರೆದಿತ್ತು. "ಇದೊಂದು ಮಾಡಿಸಿದರೆ ಐದು ವರ್ಷ ಸೀಟಿನ ಕಡೆ ತಿರುಗಿ ನೋಡಬೇಕಾಗಿಲ್ಲ ಮೇಡಂ" ಎಂದರು. ಹೊಸ ಕಾರಿನ ಸಂಭ್ರಮದಲ್ಲಿದ್ದವಳು ಸಹಿ ಹಾಕಿದೆ. ಮೂರು ಗಂಟೆ ಕಾಯಿಸಿ ಕಾರು ತಂದು ನಿಲ್ಲಿಸಿದಾಗ ಸೀಟುಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಮೊದಲ ತಿರುವಿನಲ್ಲೇ ಹಿಂದಿನ ಸೀಟಿನಲ್ಲಿದ್ದ ಅಮ್ಮ ಒಂದು ಬದಿಗೆ ಜಾರಿದರು. "ಏನೇ ಇದು, ಎಣ್ಣೆ ಸವರಿದ್ದಾರಾ?" ಎಂದು ಕೇಳಿದರು. ಅಮ್ಮನಿಗೆ ಆ ಕ್ಷಣದಲ್ಲೇ ಅರ್ಥವಾದದ್ದು ನನಗೆ ಅರ್ಥವಾಗಲು ತಿಂಗಳುಗಳೇ ಬೇಕಾದವು. ಮೊದಲ ಸರ್ವೀಸಿನ ದಿನ ಅದೇ ಡಬ್ಬಿಯಿಂದ ಅದೇ ದ್ರವವನ್ನು ಡ್ಯಾಶ್‌ಬೋರ್ಡಿಗೂ ಬಾಗಿಲಿನ ಪ್ಲಾಸ್ಟಿಕ್ಕಿಗೂ ಬಳಿಯುತ್ತಿದ್ದುದನ್ನು ನಾನೇ ನಿಂತು ನೋಡಿದೆ. ಡಬ್ಬಿಯ ಮೇಲೆ ಸಿಲಿಕೋನ್ ಎಂದು ಬರೆದೇ ಇತ್ತು. ಪ್ಲಾಸ್ಟಿಕ್ ಮಿರುಗಿಸುವ ಪಾಲಿಶನ್ನು ಚರ್ಮಕ್ಕೆ ಬಳಿದು, ಅದಕ್ಕೆ ರಕ್ಷಣೆ ಎಂದು ಹೆಸರಿಟ್ಟು, ಪ್ರಮಾಣಪತ್ರವನ್ನೂ ಅಚ್ಚು ಹಾಕಿಸಿ ಕೊಟ್ಟಿದ್ದಾರೆ!

ಕಾರ್ಖಾನೆಯಿಂದ ಬರುವಾಗ ಈ ಸೀಟುಗಳ ಚರ್ಮಕ್ಕೆ ಅಂಥ ಹೊಳಪು ಇರುವುದೇ ಇಲ್ಲ. ಮೈ ಒಣಗಿದಂತೆ, ಮಂದವಾಗಿ ಇರುತ್ತದೆ. ಅದೇ ಅದರ ಆರೋಗ್ಯ. ಕೂತು ಎದ್ದು ಮೈಯ ಜಿಡ್ಡು, ಬೆವರು, ಕೈಗೆ ಹಚ್ಚಿದ ಕ್ರೀಮು ಎಲ್ಲ ಸೇರಿಕೊಂಡಾಗ ಸೀಟು ಮಿರಮಿರ ಎನ್ನತೊಡಗುತ್ತದೆ. ಎಂದರೆ ಆ ಹೊಳಪೇ ಕೊಳೆಯ ಗುರುತು. ನಮಗೆ ಹಣ ತೆಗೆದುಕೊಂಡು ಕೊಡುತ್ತಿರುವುದು ಆ ಗುರುತನ್ನು. ಜಿಡ್ಡಿನ ಪದರಕ್ಕೆ ಧೂಳು ಮೆತ್ತಿಕೊಳ್ಳುತ್ತದೆ, ಆ ಧೂಳಿನ ಮೇಲೆ ನಾವು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುತ್ತೇವೆ. ಮರಳು ಕಾಗದ ಉಜ್ಜಿದ ಹಾಗೆಯೇ ಅದು. ಚಾಲಕನ ಸೀಟಿನ ಬಾಗಿಲ ಬದಿಯ ಅಂಚೇ ಎಲ್ಲಕ್ಕಿಂತ ಮೊದಲು ಸವೆಯುವುದು ಸುಮ್ಮನೆ ಅಲ್ಲ.

ಸಿಟ್ಟು ಬಂದ ಮೇಲೆ ಓದತೊಡಗಿದೆ. ಓದಿದಷ್ಟೂ ಸಿಟ್ಟು ಹೆಚ್ಚಾಯಿತು. "ಇದು ಯಾವ ಬಗೆಯ ಚರ್ಮ?" ಎಂದು ಶೋರೂಮಿನಲ್ಲಿ ಕೇಳಿದ್ದಕ್ಕೆ "ಅಪ್ಪಟ ಲೆದರ್ ಮೇಡಂ" ಎಂದಿದ್ದರು. ಕಾರಿನ ಜೊತೆ ಬಂದ ಪುಸ್ತಕದ ಸಣ್ಣ ಅಕ್ಷರಗಳಲ್ಲಿ ಬೇರೆಯೇ ಇದೆ. ನಾವು ಕೂರುವ, ಒರಗುವ ಮುಖಭಾಗ ಮಾತ್ರ ಚರ್ಮ. ಪಕ್ಕ, ಬೆನ್ನು, ತಲೆದಿಂಬಿನ ಹಿಂಭಾಗ ಎಲ್ಲ ರೆಕ್ಸಿನ್. ಬಹಳ ಕಾರುಗಳಲ್ಲಿ ಹೀಗೆಯೇ ಇರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಮಾರುವವರಿಗೆ ಅದು ಗೊತ್ತಿರಬೇಕು, ಕೇಳಿದವರಿಗೆ ಹೇಳಬೇಕು. ಆ ಮುಖಭಾಗದ ಚರ್ಮವೂ ಬರಿಯ ಚರ್ಮವಲ್ಲ. ಅದರ ಮೇಲೆ ಬಣ್ಣದ ಪದರ, ಅದರ ಮೇಲೆ ಪಾಲಿಯುರೆಥೇನಿನ ಪಾರದರ್ಶಕ ಲೇಪ. ಎರಡೂ ಸೇರಿದರೆ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ದಪ್ಪವಿರುವುದಿಲ್ಲ. ನಾವು ಮುಟ್ಟುವುದು, ಒರೆಸುವುದು, ಉಜ್ಜುವುದು ಎಲ್ಲವೂ ಆ ಲೇಪವನ್ನೇ. ಅದು ಹೋದರೆ ಬಣ್ಣ ಹೋಯಿತು, ಬಣ್ಣ ಹೋದರೆ ಸೀಟು ಹೋಯಿತು. ಲೇಪವಿಲ್ಲದ ಅನಿಲೀನ್ ಚರ್ಮವೂ ಕೆಲವು ದುಬಾರಿ ಕಾರುಗಳಲ್ಲಿ ಇರುತ್ತದೆ. ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟರೆ ಅದು ಹೀರಿಕೊಂಡು ಕಪ್ಪಾಗುತ್ತದೆ, ಲೇಪವಿದ್ದರೆ ಹನಿ ಹಾಗೆಯೇ ಮೇಲೆ ನಿಲ್ಲುತ್ತದೆ. ಒಂದು ಹನಿ ನೀರಿನಿಂದ ತಿಳಿಯುವ ಸಂಗತಿಯನ್ನು ಅವರಲ್ಲಿ ಒಬ್ಬರೂ ಪರೀಕ್ಷಿಸಿರಲಿಲ್ಲ.

ಚರ್ಮವನ್ನು ಕ್ರೋಮಿಯಂ ಲವಣಗಳಿಂದ ಹದ ಮಾಡುವ ವಿಧಾನಕ್ಕೆ ಅಮೆರಿಕದಲ್ಲಿ ಅಗಸ್ಟಸ್ ಶುಲ್ಟ್ಸ್ ಪೇಟೆಂಟ್ ಪಡೆದದ್ದು 1884ರಲ್ಲಿ. ಎಷ್ಟೋ ಕಾರುಗಳ ಸೀಟಿನ ಚರ್ಮ ಇಂದಿಗೂ ಆ ದಾರಿಯಲ್ಲೇ ಹದವಾಗುತ್ತದೆ. ಹೀಗೆ ಹದವಾದ ಚರ್ಮ ಸ್ವಲ್ಪ ಆಮ್ಲೀಯ, ಆಮ್ಲ-ಕ್ಷಾರಗಳನ್ನು ಅಳೆಯುವ ಪಿಎಚ್ ಲೆಕ್ಕದಲ್ಲಿ 4ರ ಆಸುಪಾಸು. ಸ್ನಾನದ ಸಾಬೂನಿನ ಪಿಎಚ್ 9ರಿಂದ 10. ಎಲ್ಲದಕ್ಕೂ ಒಂದೇ ಎಂದು ಮಾರುವ ಕ್ಷಾರದ ಕ್ಲೀನರುಗಳು ಅದಕ್ಕೂ ಮೇಲೆ ಹೋಗುತ್ತವೆ. ಅಂಥದ್ದನ್ನು ಗಟ್ಟಿಯಾಗಿ ಬಳಸಿದರೆ ಮೇಲಿನ ಲೇಪ ಸಡಿಲವಾಗುತ್ತದೆ, ಹೊಲಿಗೆಯ ಸಂದಿನಿಂದ ಒಳಗಿಳಿದದ್ದು ಚರ್ಮಕ್ಕೇ ತಾಗುತ್ತದೆ. ನೂರು ವರ್ಷಕ್ಕೂ ಹಳೆಯ ವಿದ್ಯೆ ಇದು. ದಿನಕ್ಕೆ ಹತ್ತಾರು ಕಾರು ತೊಳೆಯುವ ಕಡೆ ಇಷ್ಟನ್ನು ಕಲಿಸುವವರು ಒಬ್ಬರೂ ಇಲ್ಲವೇ?

ಮೊದಲ ಸರ್ವೀಸಿನಲ್ಲಿ ಒಳಭಾಗದ ಸ್ವಚ್ಛತೆ ಉಚಿತ ಎಂದರು. ಆ ಉಚಿತಕ್ಕೆ ನಾನು ತೆತ್ತ ಬೆಲೆ ನಿನ್ನೆ ಬಟ್ಟೆಗೆ ಹತ್ತಿದ ಆ ಬಣ್ಣ. ಗಾಜಿನ ಆಚೆ ನಿಂತು ನೋಡುತ್ತಿದ್ದೆ. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಸೀಟಿನ ಮೇಲೆ ನೇರವಾಗಿ ಸಿಂಪಡಿಸಿದ. ನನ್ನ ಸೀಟಿನ ನಡುಭಾಗದಲ್ಲಿ ಸಣ್ಣ ಸಣ್ಣ ತೂತುಗಳಿವೆ, ಅವುಗಳ ಕೆಳಗೆ ಗಾಳಿಯ ಫ್ಯಾನ್ ಇದೆ, ಜನ ಕೂತದ್ದನ್ನು ಗುರುತಿಸುವ ಸೆನ್ಸರ್ ಇದೆ. ದ್ರವ ಆ ತೂತುಗಳಲ್ಲೆಲ್ಲ ಇಳಿಯಿತು. ಆಮೇಲೆ ನೆಲದ ಮ್ಯಾಟ್ ಉಜ್ಜಿದ ಅದೇ ಬ್ರಷ್ ಎತ್ತಿಕೊಂಡು, ಬಾಗಿಲ ಬದಿಯ ಅಂಚನ್ನು ಪಾತ್ರೆ ತಿಕ್ಕುವಂತೆ ತಿಕ್ಕಿದ. ಬಿಳಿ ನೊರೆ ಕ್ರಮೇಣ ಕಂದಾಯಿತು. ಕೊಳೆ ಬಿಡುತ್ತಿದೆ ಎಂದು ಅವನೂ ಅಂದುಕೊಂಡ, ನಾನೂ ಅಂದುಕೊಂಡೆ. ಕೊನೆಗೆ ಮತ್ತೆ ಆ ಸಿಲಿಕೋನ್ ಬಳಿದು ಮಿರುಗಿಸಿ ಕೊಟ್ಟ. ಆದ ಗಾಯ ಅದರಡಿ ಮುಚ್ಚಿಹೋಯಿತು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೈಗೆ ಒಂದು ಬಾಟಲಿ, ಒಂದು ಬ್ರಷ್ ಕೊಟ್ಟು, ಅರ್ಧ ಗಂಟೆಯಲ್ಲಿ ಮುಗಿಸು ಎಂದವರು ಹವಾನಿಯಂತ್ರಿತ ಕೋಣೆಯಲ್ಲಿ ಕೂತಿದ್ದಾರೆ. ಇಂದು ಬೆಳಿಗ್ಗೆ ಅವರ ಎದುರು ಈ ಬಟ್ಟೆ ಬಿಡಿಸಿ ತೋರಿಸಿದೆ. ವ್ಯವಸ್ಥಾಪಕರು ಬಟ್ಟೆಯ ಕಡೆ ಸರಿಯಾಗಿ ನೋಡಲೂ ಇಲ್ಲ. "ಚರ್ಮ ಎಂದರೆ ಹಾಗೆಯೇ ಮೇಡಂ. ನೀವು ಜೀನ್ಸ್ ಹಾಕುತ್ತೀರಲ್ಲ" ಎಂದರು. ನಾನು ಏನು ಉಡಬೇಕು ಎಂಬಲ್ಲಿಗೆ ಬಂತು ಮಾತು! ಜೀನ್ಸಿನ ನೀಲಿ ಸೀಟಿಗೆ ಹತ್ತುತ್ತದೆ, ನಿಜ. ಹೊಸ ಜೀನ್ಸು, ಬೆವರು, ತಿಳಿ ಬಣ್ಣದ ಸೀಟು ಸೇರಿದರೆ ಇನ್ನಷ್ಟು ಬೇಗ ಹತ್ತುತ್ತದೆ. ಅದನ್ನು ತಡೆಯುತ್ತೇವೆ ಎಂದೇ ತಾನೇ ಇವರು ಹಣ ತೆಗೆದುಕೊಂಡದ್ದು? ಪ್ರಮಾಣಪತ್ರ ತೆಗೆದು ಮೇಜಿನ ಮೇಲಿಟ್ಟೆ. ಅದರ ಹಿಂಬದಿಯಲ್ಲಿ, ಆರು ತಿಂಗಳಿಗೊಮ್ಮೆ ಅವರಲ್ಲೇ ಮತ್ತೆ ಲೇಪ ಮಾಡಿಸಿದರೆ ಮಾತ್ರ ಅನ್ವಯ ಎಂಬ ಸಾಲನ್ನು ಬೆರಳಿಟ್ಟು ತೋರಿಸಿದರು. ಸಹಿ ಹಾಕಿಸುವ ದಿನ ಆ ಬೆರಳು ಎಲ್ಲಿತ್ತು? ಕಾರಿನ ವಾರಂಟಿ ಕೇಳಿದರೆ, ಸವೆತ ಮತ್ತು ಕಲೆ ಅದರಲ್ಲಿ ಬರುವುದಿಲ್ಲ ಎಂದು ಕೈ ತೊಳೆದುಕೊಂಡರು. ಹೊರಡುವಾಗ ಒಂದು ಸೀಟ್ ಕವರ್ ತಂದು ತೋರಿಸಿದರು, ಹಾಕಿಸಿಕೊಂಡರೆ ಕಾಣುವುದಿಲ್ಲವಂತೆ! ನನ್ನ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದೆ. ಅದಕ್ಕೆ ಹೊಂದದ ಕವರ್ ಹಾಕಿದರೆ ಅಪಘಾತದ ಹೊತ್ತಿಗೆ ಅದು ಬಿಚ್ಚಿಕೊಳ್ಳಲು ಅಡ್ಡಿಯಾಗಬಹುದು. ಬಣ್ಣ ಕಿತ್ತದ್ದನ್ನು ಮುಚ್ಚಲು ಜೀವಕ್ಕೇ ಕುತ್ತು ತರುವ ಸಲಹೆ ಕೊಡುವವರಿಗೆ ಏನು ಹೇಳಬೇಕು?

ಮನೆಯಲ್ಲೂ ನೆಮ್ಮದಿಯಿಲ್ಲ. ಭಾವ ಅಡುಗೆ ಎಣ್ಣೆ ಸವರು ಎನ್ನುತ್ತಾರೆ. ಎಣ್ಣೆ ಲೇಪದ ಮೇಲೆ ನಿಂತು ಕಮಟುತ್ತದೆ, ಅಷ್ಟೇ. ಚಿಕ್ಕಮ್ಮ ಮಗುವಿನ ಒದ್ದೆ ಒರೆಸುಬಟ್ಟೆ ಕೊಡುತ್ತಾರೆ. ಗೋಡೆಯ ಕಲೆ ತೆಗೆಯುವ ಬಿಳಿ ಸ್ಪಂಜಿನಲ್ಲಿ ಉಜ್ಜು ಎಂದವರೂ ಇದ್ದಾರೆ, ಅದು ಮೆಲಮೈನ್, ನುಣುಪಾದ ಮರಳು ಕಾಗದವೇ ಸರಿ. ಕೈಗೆ ಹಾಕಿಕೊಂಡ ಸ್ಯಾನಿಟೈಸರ್ ಆರುವ ಮೊದಲೇ ಸೀಟು ಹಿಡಿಯಬಾರದು, ಅದರ ಆಲ್ಕೋಹಾಲ್ ಲೇಪವನ್ನು ಮೆತ್ತಗೆ ಮಾಡುತ್ತದೆ ಎಂದು ನಾನೇ ಈಗ ಎಲ್ಲರಿಗೂ ಹೇಳುತ್ತಿದ್ದೇನೆ.

ಆ ದಿನ ಶೋರೂಮಿನಲ್ಲಿ ಎರಡು ನಿಮಿಷ ಹೇಳಿದ್ದರೆ ಸಾಕಿತ್ತು. ವಾರಕ್ಕೊಮ್ಮೆ ಸಂದುಗಳ ಮರಳನ್ನು ವ್ಯಾಕ್ಯೂಮಿನಿಂದ ತೆಗೆಯಿರಿ, ಹಿಂಡಿದ ಬಟ್ಟೆಯಲ್ಲಿ ಒರೆಸಿರಿ. ಎರಡು ಮೂರು ತಿಂಗಳಿಗೊಮ್ಮೆ ಚರ್ಮಕ್ಕೆಂದೇ ಮಾಡಿದ ಸೌಮ್ಯ ಕ್ಲೀನರನ್ನು ಬಟ್ಟೆಗೋ ಮೆತ್ತನೆಯ ಬ್ರಷ್ಷಿಗೋ ಹಾಕಿಕೊಂಡು, ಸೀಟಿನ ಮೇಲೆ ಸುರಿಯದೆ, ಒಂದೊಂದೇ ಭಾಗ ಮೆಲ್ಲಗೆ ಉಜ್ಜಿ ಕೂಡಲೇ ಒಣಬಟ್ಟೆಯಲ್ಲಿ ಒರೆಸಿರಿ. ರಕ್ಷಣೆಯ ಲೇಪ ಬೇಕೆಂದರೆ ಸೀಟು ಹೊಸದಾಗಿ, ಶುಭ್ರವಾಗಿ ಇರುವಾಗಲೇ, ಮಂದವಾಗಿ ಒಣಗುವಂಥದ್ದನ್ನು ಹಚ್ಚಿರಿ. ಬಿಸಿಲಲ್ಲಿ ನಿಲ್ಲಿಸುವಾಗ ಮುಂದಿನ ಗಾಜಿಗೆ ಪರದೆ ಇಡಿರಿ. ಇಷ್ಟು ಹೇಳಲು ಯಾರ ಗಂಟೂ ಹೋಗುತ್ತಿರಲಿಲ್ಲ. ಕಾರಿನ ಕೈಪಿಡಿಯಲ್ಲೂ ಮೆತ್ತನೆಯ ಬಟ್ಟೆ, ಸೌಮ್ಯ ಸಾಬೂನು ನೀರು, ಪಾಲಿಶ್ ಬೇಡ ಎಂದೇ ಇದೆ. ತಾವು ಮಾರುವ ಕಾರಿನ ಕೈಪಿಡಿಯನ್ನು ಇವರು ಒಮ್ಮೆಯಾದರೂ ಬಿಡಿಸಿ ನೋಡಿದ್ದಾರೆಯೇ?

ಮಧ್ಯಾಹ್ನ ಚರ್ಮಕ್ಕೆ ಬಣ್ಣ ಕೂಡಿಸಿ ಸರಿಪಡಿಸುವ ಒಬ್ಬ ಹಿರಿಯರ ಬಳಿ ಹೋಗಿದ್ದೆ. ಅಂಚಿನ ಮೇಲೆ ಉಗುರಿನ ಹಿಂಬದಿಯಿಂದ ಮೆಲ್ಲಗೆ ಸವರಿ, ಮೂಸಿ ನೋಡಿ, "ಸಿಲಿಕೋನ್ ಬಳಿದಿದ್ದಾರೆ ಅಲ್ಲವಾ ತಾಯಿ?" ಎಂದು ಕೇಳಿದರು. ಅದು ಇರುವ ಕಡೆ ಹೊಸ ಬಣ್ಣ ಕಚ್ಚಿಕೊಳ್ಳುವುದಿಲ್ಲವಂತೆ, ಮೀನಿನ ಕಣ್ಣಿನ ಹಾಗೆ ಸಣ್ಣ ಸಣ್ಣ ಗುಳಿ ಬಿಟ್ಟುಕೊಳ್ಳುತ್ತದಂತೆ. ಮೊದಲು ಅದನ್ನು ಪೂರ್ತಿ ತೆಗೆಯಬೇಕು, ತೆಗೆಯುವಾಗ ಉಳಿದ ಲೇಪವೂ ಒಂದಿಷ್ಟು ಹೋಗುತ್ತದೆ, ಆಮೇಲೆ ಬಣ್ಣ ಹೊಂದಿಸಿ ಮತ್ತೆ ಮೇಲಿನ ಪದರ ಕೊಡಬೇಕು. ಅಂಗೈಯಗಲದ ಗಾಯಕ್ಕೆ ಎರಡು ದಿನದ ಕೆಲಸ. ಹಣ ಕೊಟ್ಟು ಬಳಿಸಿಕೊಂಡ ರಕ್ಷಣೆಯನ್ನು ಈಗ ಹಣ ಕೊಟ್ಟು ಕೀಳಿಸಬೇಕು.

ಮುಂದಿನ ಸರ್ವೀಸಿಗೆ ಕಾರು ಕೊಡುವಾಗ ಜಾಬ್ ಕಾರ್ಡಿನ ಮೇಲೆ ನಾನೇ ನನ್ನ ಕೈಯಿಂದ ಬರೆಯುತ್ತೇನೆ: ಸೀಟುಗಳನ್ನು ಯಾರೂ ಒರೆಸಬಾರದು, ಏನನ್ನೂ ಬಳಿಯಬಾರದು. ಅದರ ಕೆಳಗೆ ಆ ವ್ಯವಸ್ಥಾಪಕರ ಸಹಿ ಬಿದ್ದ ಮೇಲೆಯೇ ಕೀಲಿ ಕೊಡುವುದು.