ದಿಮಿತ್ರೋವ್‌ಗ್ರಾದ್ ಮತ್ತೆ ತ್ಸಾರಿಬ್ರೋದ್ ಆಗಬೇಕೇ?

ಸರ್ಬಿಯಾದ ಪೂರ್ವದ ತುದಿಯಲ್ಲಿ, ಬಲ್ಗೇರಿಯಾ ಗಡಿಗೆ ಅಂಟಿಕೊಂಡಂತೆ ದಿಮಿತ್ರೋವ್‌ಗ್ರಾದ್ ಎಂಬ ಪುಟ್ಟ ಪಟ್ಟಣವಿದೆ. ಆಚೆ ದೇಶದ ರಾಜಧಾನಿ ಸೋಫಿಯಾ ಇಲ್ಲಿಗೆ ಸುಮಾರು 60 ಕಿಲೋಮೀಟರ್. ಸ್ವಂತ ರಾಜಧಾನಿ ಬೆಲ್‌ಗ್ರೇಡ್ 300 ಕಿಲೋಮೀಟರ್‌ಗೂ ಜಾಸ್ತಿ. 2011ರ ಜನಗಣತಿಯಲ್ಲಿ ಸುತ್ತಲ ಹಳ್ಳಿಗಳೂ ಸೇರಿ ಸುಮಾರು 10 ಸಾವಿರ ಜನರಿದ್ದರು. ಅರ್ಧಕ್ಕಿಂತ ಜಾಸ್ತಿ ಬಲ್ಗೇರಿಯನ್ನರು. 1950ರವರೆಗೆ ಊರಿನ ಹೆಸರು ತ್ಸಾರಿಬ್ರೋದ್.

ಪರ

ಹಳೆಯ ಹೆಸರನ್ನೇ ಒಮ್ಮೆ ಬಿಡಿಸಿ ನೋಡಿ. ಬಲ್ಗೇರಿಯನ್ನಿನಲ್ಲಿ ತ್ಸಾರ್ ಅಂದರೆ ಅರಸ. ಬ್ರೋದ್ ಅಂದರೆ ಹೊಳೆಯನ್ನು ನಡೆದೇ ದಾಟಬಹುದಾದ ಜಾಗ. ಊರಿನ ಪಕ್ಕದಲ್ಲೇ ನಿಶಾವಾ ಹೊಳೆ ಹರಿಯುತ್ತದೆ. ಇವತ್ತಿನ ಸರ್ಬಿಯನ್ ಮಾತಿನಲ್ಲಿ ಬ್ರೋದ್ ಎಂದರೆ ಹಡಗು! ನಿಶಾವಾದಲ್ಲಿ ಹಡಗೆಲ್ಲಿಂದ ಬರಬೇಕು? ಹೊಳೆ, ನೆಲ, ಭಾಷೆ ಮೂರೂ ಕೂಡಿ ಹುಟ್ಟಿದ ಹೆಸರಿದು.

ಮೊದಲ ಮಹಾಯುದ್ಧದಲ್ಲಿ ಬಲ್ಗೇರಿಯಾ ಸೋತಿತು. 1919ರ ನವೆಂಬರ್ 27ರಂದು ಪ್ಯಾರಿಸ್ ಹತ್ತಿರದ ನ್ಯೋಯಿಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಮರುವರ್ಷ ಈ ಸೀಮೆ ಸರ್ಬರು, ಕ್ರೊವಾಟರು, ಸ್ಲೊವೇನರ ಹೊಸ ರಾಜ್ಯದ ಪಾಲಾಯಿತು. ಮುಂದೆ ಅದೇ ಯುಗೊಸ್ಲಾವಿಯಾ. ದೇಶ ಬದಲಾದರೂ ಜನರ ಕೈಯಲ್ಲಿ ಊರಿನ ಹೆಸರಾದರೂ ಉಳಿದಿತ್ತು. ಮೂವತ್ತು ವರ್ಷದ ಮೇಲೆ ಅದೂ ಹೋಯಿತು.

ಹೊಸ ಹೆಸರು ಬಂದದ್ದು ಬಲ್ಗೇರಿಯಾದ ಕಮ್ಯುನಿಸ್ಟ್ ನಾಯಕ ಗೆಯೋರ್ಗಿ ದಿಮಿತ್ರೋವ್ ಅವರಿಂದ. ಇದೇ ಹೆಸರಿನ ಊರು ಬಲ್ಗೇರಿಯಾದಲ್ಲೂ ಇದೆ, ರಷ್ಯಾದಲ್ಲೂ ಇದೆ. ಸೋಫಿಯಾದಲ್ಲಿದ್ದ ಅವರ ಸಮಾಧಿ ಭವನವನ್ನು ಬಲ್ಗೇರಿಯಾವೇ 1999ರಲ್ಲಿ ಕೆಡವಿತು. ಯುಗೊಸ್ಲಾವಿಯಾದ ನಾಯಕ ಟಿಟೊ ಹೆಸರು ಹೊತ್ತಿದ್ದ ಮಾಂಟೆನೆಗ್ರೊ ರಾಜಧಾನಿ ತಿತೊಗ್ರಾದ್ 1992ರಲ್ಲಿ ಮತ್ತೆ ಪೊದ್ಗೊರಿತ್ಸಾ ಆಯಿತು. ಒಂದು ರಾಜಧಾನಿಗೆ ಆಗಿದ್ದು ಈ ಪುಟ್ಟ ಊರಿಗೆ ಯಾಕಾಗಬಾರದು?

ವಿರೋಧ

ಎಪ್ಪತ್ತು ವರ್ಷಕ್ಕೂ ಮೀರಿ ಬಳಕೆಯಲ್ಲಿರುವ ಹೆಸರನ್ನು ಸುಮ್ನೆ ಅಂಟಿಸಿದ್ದು ಅನ್ನುವುದು ಸರಿಯಲ್ಲ. ಇಲ್ಲಿ ಹುಟ್ಟಿ ಬೆಳೆದು ಅಜ್ಜ ಅಜ್ಜಿಯರಾದವರ ಜನನ ಪತ್ರದಲ್ಲೂ ಇರುವುದು ಅದೇ. ಊರಿನಲ್ಲಿ ಸರ್ಬರೂ ಇದ್ದಾರೆ. ಅವರೂ ಇಲ್ಲಿಯವರೇ ಅಲ್ವಾ? ದಿಮಿತ್ರೋವ್ ಕೂಡ ಬಲ್ಗೇರಿಯನ್ನರೇ. ಜರ್ಮನಿಯ ಸಂಸತ್ ಭವನಕ್ಕೆ ಬೆಂಕಿ ಇಟ್ಟ ಆರೋಪದ ಮೇಲೆ 1933ರಲ್ಲಿ ಅಲ್ಲಿನ ಲೈಪ್‌ಜಿಗ್‌ನ ಕೋರ್ಟಿನಲ್ಲಿ ನಾಜಿ ಸರ್ಕಾರಕ್ಕೆ ಎದುರು ನಿಂತು ಮಾತಾಡಿ, ಖುಲಾಸೆಯಾಗಿ ಬಂದವರು. ಅವರ ಆಮೇಲಿನ ಆಳ್ವಿಕೆಯನ್ನು ನಾನು ಒಪ್ಪುವುದಿಲ್ಲ. ಆದರೂ ಆ ಧೈರ್ಯ ಸಣ್ಣದಲ್ಲ.

ದೊಡ್ಡ ಚಿಂತೆ ಬೇರೆಯೇ ಇದೆ. 2022ರ ಜನಗಣತಿ ಹೊತ್ತಿಗೆ ಜನಸಂಖ್ಯೆ ಸುಮಾರು 8 ಸಾವಿರಕ್ಕೆ ಇಳಿದಿತ್ತು. ಬಲ್ಗೇರಿಯಾ 2007ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿತು. ಅಲ್ಲಿನ ಪಾಸ್‌ಪೋರ್ಟ್ ಕೈಗೆ ಬಂದರೆ ಸೋಫಿಯಾ ಏನು, ಜರ್ಮನಿಯೂ ಹತ್ತಿರವೇ. ಓದು ಮುಗಿಸಿದ ಮಕ್ಕಳು ಬ್ಯಾಗ್ ಹೆಗಲಿಗೇರಿಸಿ ಗ್ರಾದಿನಾ ಗಡಿಠಾಣೆ ದಾಟುತ್ತಾರೆ. ಹಬ್ಬಕ್ಕೋ ರಜೆಗೋ ಬರುತ್ತಾರೆ, ಮತ್ತೆ ಹೊರಡುತ್ತಾರೆ. ಪರ ಬರೆಯುವಾಗ ಇದ್ದ ಗಟ್ಟಿತನ ಈ ಮಾತಿನ ಮುಂದೆ ನನಗೆ ಉಳಿಯುವುದಿಲ್ಲ.

ಬಲ್ಗೇರಿಯನ್ ಇಲ್ಲಿ ಸರ್ಬಿಯನ್ ಜೊತೆಗೆ ಅಧಿಕೃತ ಭಾಷೆ. ಆ ಹಕ್ಕು ಕಾಗದದಿಂದ ತರಗತಿಗೆ ಇಳಿಯಬೇಕು. ಬೋರ್ಡು ಬದಲಿಸುವ ಹಣ ಎಷ್ಟೇ ಇರಲಿ, ಅದರಲ್ಲಿ ಮೊದಲು ಮಕ್ಕಳಿಗೆ ಗಣಿತ, ಇತಿಹಾಸದ ಪುಸ್ತಕಗಳು ಬಲ್ಗೇರಿಯನ್ನಿನಲ್ಲಿ ಬರಲಿ. ಊರಲ್ಲೇ ನಾಲ್ಕು ಕೆಲಸ ಹುಟ್ಟಲಿ. ತ್ಸಾರಿಬ್ರೋದ್ ಎಂದು ಬಾಯಿತುಂಬ ಕರೆಯುವವರನ್ನು ಈಗಲೂ ಯಾರೂ ತಡೆದಿಲ್ಲ.